ಗೊರಕೆ ನಿಂತಾಗ ಹೃದಯಕ್ಕೇನಾಗುತ್ತದೆ?

2025ರ ಜೂನ್–ಜುಲೈನಲ್ಲಿ ಹಾಸನದ ಕಡೆ ಯಾರ ಬಾಯಲ್ಲಿ ಕೇಳಿದರೂ ಹೃದಯಾಘಾತದ್ದೇ ಮಾತು. ಹೆದರಿದ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯವರೆಗೂ ಹೋಗಿ ಸಾಲು ನಿಂತರು. ಸಾವುಗಳೇನೂ ಅಸಹಜವಾಗಿ ಏರಿಲ್ಲ ಎಂದು ಆಮೇಲೆ ತಜ್ಞರ ಸಮಿತಿ ಹೇಳಿತು. ಅಷ್ಟೆಲ್ಲ ಮಾತಿನ ಮಧ್ಯೆ ಗೊರಕೆಯ ಸುದ್ದಿ ಎತ್ತಿದವರು ಮಾತ್ರ ಕಡಿಮೆ.

ಧರ್ಮಸ್ಥಳದ ರಾತ್ರಿ ಬಸ್ಸು ಹಾಸನ ನಿಲ್ದಾಣದಲ್ಲಿ ನಿಂತು ಇಂಜಿನ್ ಆಫ್ ಆದಾಗ ಸ್ವಲ್ಪ ಕಿವಿಗೊಡಿ. ಪಕ್ಕದ ಸೀಟಿನವರ ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತದೆ. ಸದ್ಯ, ನಿಂತಿತಲ್ಲ ಅನ್ನಿಸುತ್ತದೆ. ಹದಿನೈದಿಪ್ಪತ್ತು ಸೆಕೆಂಡ್ ಸದ್ದೇ ಇಲ್ಲ, ಎದೆ ಮಾತ್ರ ಒದ್ದಾಡುತ್ತಿರುತ್ತದೆ. ಆಮೇಲೆ ಒಮ್ಮೆಲೇ ಏದುಸಿರು, ಮತ್ತೆ ಗೊರಕೆ. ಇದು ಸ್ಲೀಪ್ ಅಪ್ನಿಯಾದ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಕಾಯಿಲೆಯ ಲಕ್ಷಣ. ಉಸಿರು ಹೀಗೆ ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ 30 ಸಲ ಮುಟ್ಟಿದರೆ ಕಾಯಿಲೆ ತೀವ್ರ ಎಂದರ್ಥ. ಅಂದರೆ ಎರಡು ನಿಮಿಷಕ್ಕೊಮ್ಮೆ! ನಿದ್ದೆಯಲ್ಲಿರುವವರಿಗೆ ಇದೇನೂ ಗೊತ್ತಾಗಲ್ಲ.

ಗಂಟಲು ಮುಚ್ಚಿದ್ದರೂ ಎದೆ ಗಾಳಿ ಎಳೆಯಲು ನೋಡುತ್ತದೆ. ಆ ಸೆಳೆತಕ್ಕೆ ಹೃದಯದ ಮೇಲಿನ ಎರಡು ತೆಳುಗೋಡೆಯ ಕೋಣೆಗಳು ಹಿಗ್ಗುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಬಿಪಿ ಏರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕೋಣೆಗಳು ದೊಡ್ಡದಾಗಿ, ಗೋಡೆಯಲ್ಲಿ ನಾರು ಬೆಳೆಯುತ್ತದೆ.

ಇದರ ಜೊತೆಗೆ ಕೊಬ್ಬು. ಹೃದಯದ ಮೇಲೆ ಕೊಬ್ಬು ಎಲ್ಲರಿಗೂ ಇರುತ್ತದೆ, ಸ್ನಾಯುವಿಗೆ ಇಂಧನವನ್ನೂ ಕೊಡುತ್ತದೆ. ಜಾಸ್ತಿಯಾದರೆ ಕಷ್ಟ. ಯಾಕೆಂದರೆ ಅದಕ್ಕೂ ಹೃದಯದ ಸ್ನಾಯುವಿಗೂ ನಡುವೆ ಒಂದು ಪೊರೆಯೂ ಇಲ್ಲ. ಅದು ಸುರಿಸುವ ಉರಿಯೂತದ ರಾಸಾಯನಿಕಗಳು ನೇರವಾಗಿ ಸ್ನಾಯುವಿಗೆ ಇಳಿಯುತ್ತವೆ, ಕೊಬ್ಬಿನ ಕಣಗಳೂ ಒಳಗೆ ನುಗ್ಗುತ್ತವೆ. ಆಗ ಹೃದಯದ ವಿದ್ಯುತ್ ಅಲೆ, ಹೆಂಟೆ ಒಡೆಯದ ಗದ್ದೆಗೆ ಬಿಟ್ಟ ನೀರಿನ ಹಾಗೆ, ಅಲ್ಲಲ್ಲಿ ಸೀಳಿ ಸುತ್ತಿ ಬಳಸಿ ಹರಿಯುತ್ತದೆ. ಮೇಲಿನ ಕೋಣೆಗಳು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಅದುರತೊಡಗುತ್ತವೆ. ಇದು ಏಟ್ರಿಯಲ್ ಫಿಬ್ರಿಲೇಷನ್. ರಕ್ತನಾಳ ಕಟ್ಟಿಕೊಂಡು ಆಗುವ ಹೃದಯಾಘಾತವೇ ಬೇರೆ, ಇದೇ ಬೇರೆ. ಇಲ್ಲಿ ಕೋಣೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಇದಿಲ್ಲದವರಿಗಿಂತ ಆ ಅಪಾಯ ಸುಮಾರು 5 ಪಟ್ಟು ಹೆಚ್ಚು.

ಅಪ್ನಿಯಾ ಇದ್ದವರಲ್ಲಿ ಈ ಕೊಬ್ಬಿನ ಪದರ ದಪ್ಪ ಎಂದು ಹಲವು ಅಧ್ಯಯನಗಳು ತೋರಿಸಿವೆ. ಬೊಜ್ಜು ಎರಡನ್ನೂ ಬೆಳೆಸುವುದರಿಂದ ಯಾವುದು ಯಾವುದಕ್ಕೆ ಕಾರಣ ಎಂದು ಬಿಡಿಸುವುದು ಸುಲಭವಲ್ಲ.

ಗಾಳಿ ಊದಿ ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ 1981ರಿಂದ ಇದೆ, ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅವರದ್ದು. ಉಸಿರಿಗೆ, ನಿದ್ದೆಗೆ ಅದು ಒಳ್ಳೆಯದೇ. ಅದೊಂದರಿಂದಲೇ ಹೃದಯದ ತಾಳ ಸರಿಹೋಗುತ್ತದೆ ಎನ್ನುವುದು ಮಾತ್ರ ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ನನ್ನ ಮಟ್ಟಿಗೆ ತೂಕ ಇಳಿಸುವುದರ ಸಾಕ್ಷ್ಯವೇ ಬಲವಾದದ್ದು. ಅಡಿಲೇಡ್‌ನಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೂಕದ ಹತ್ತನೇ ಒಂದು ಭಾಗ ಇಳಿಸಿದವರಿಗೆ ತಾಳ ತಪ್ಪುವುದು ಬಹಳ ಕಡಿಮೆಯಾಗಿತ್ತು.

ಮಾಮೂಲಿ ಇಸಿಜಿ ನೋಡುವುದು ಹತ್ತು ಸೆಕೆಂಡಿನಷ್ಟು ಮಾತ್ರ. ರಾತ್ರಿ ಬಂದು ಹೋದದ್ದು ಅದಕ್ಕೆ ಸಿಗಲ್ಲ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ರಾತ್ರಿ ನಿಮ್ಮ ಗೊರಕೆ ಕೇಳುವವರನ್ನೂ ಕರೆದುಕೊಂಡು ಹೋಗಿ. ಅವರು ಮೊಬೈಲ್‌ನಲ್ಲಿ ಒಂದು ವಿಡಿಯೋ ಮಾಡಿಟ್ಟಿದ್ದರೆ ಇನ್ನೂ ಒಳ್ಳೆಯದು.