ಸ್ಪರ್ಧೆಗೆ ಮುಂಚೆ ಲ್ಯಾಬ್ ಬೇಕಲ್ವಾ?

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಒಂದು ತಕರಾರು ಎದ್ದಿತು. ವಿಜ್ಞಾನಕ್ಕೆ ಸರ್ಕಾರ ದುಡ್ಡು ಕೊಡಬೇಕು ಅನ್ನುವುದಕ್ಕೆ ಹೆಚ್ಚು ವಿರೋಧವಿರಲಿಲ್ಲ. ಯಾರಿಗೆ ಕೊಡಬೇಕು ಅನ್ನುವುದರಲ್ಲೇ ಜಗಳ. ಯುದ್ಧಕಾಲದ ಸಂಶೋಧನಾ ಕಚೇರಿಯ ಮುಖ್ಯಸ್ಥ ವ್ಯಾನೆವರ್ ಬುಷ್, ಅತ್ಯುತ್ತಮ ವಿಜ್ಞಾನಿಗಳಿಗೆ ಕೊಡಿ, ಅವರು ಎಲ್ಲೇ ಇರಲಿ ಎಂದರು. ಕಲ್ಲಿದ್ದಲ ಗಣಿಗಳ ನಾಡು ವೆಸ್ಟ್ ವರ್ಜೀನಿಯಾದ ಸೆನೆಟರ್ ಹಾರ್ಲಿ ಕಿಲ್ಗೋರ್, ಎಲ್ಲ ರಾಜ್ಯಗಳಿಗೂ ಒಂದಿಷ್ಟು ಪಾಲು ಹೋಗಲಿ ಎಂದು ಪಟ್ಟು ಹಿಡಿದರು. ಬಹುಮಟ್ಟಿಗೆ ಬುಷ್ ಗೆದ್ದರು. 1950ರಲ್ಲಿ, ಸಂಶೋಧನೆಗೆ ಸರ್ಕಾರದ ಹಣ ಹಂಚುವ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹುಟ್ಟಿದಾಗ, ಸಂಶೋಧನೆ ಕೆಲವೇ ಕಡೆ ಅತಿಯಾಗಿ ಗುಂಪುಗೂಡಬಾರದು ಎಂಬ ಮಾತನ್ನು ಮಾತ್ರ ಕಾನೂನಿನಲ್ಲಿ ಸೇರಿಸಿದರು.

ಆದರೂ ಗುಂಪುಗೂಡಿತು. ಇದಕ್ಕೆ ಪಕ್ಷಪಾತವೇ ಬೇಕಿಲ್ಲ. ಪ್ರಾಜೆಕ್ಟ್ ಪ್ರಸ್ತಾವ ಗೆಲ್ಲಬೇಕಾದರೆ ಅದರಲ್ಲಿ ಒಂದಿಷ್ಟು ಆರಂಭಿಕ ಫಲಿತಾಂಶ ಇರಬೇಕು. ಅದಕ್ಕೆ ಉಪಕರಣ ಬೇಕು, ಕೆಲಸ ಬಲ್ಲ ವಿದ್ಯಾರ್ಥಿಗಳು ಬೇಕು. ಅವೆಲ್ಲ ಇರುವುದು ಹಿಂದೆ ಅನುದಾನ ಗೆದ್ದವರ ಹತ್ತಿರ. ಪರೀಕ್ಷಕರು ಎಷ್ಟೇ ಪ್ರಾಮಾಣಿಕರಾಗಿರಲಿ, ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ಗಳೇ ಮತ್ತೆ ಮತ್ತೆ ಗೆಲ್ಲುತ್ತವೆ.

ಈ ಸುತ್ತು ಮುರಿಯಲು 1979ರಲ್ಲಿ ಶುರುವಾದದ್ದು ಎಪ್‌ಸ್ಕಾರ್ (EPSCoR): ಸಂಶೋಧನಾ ಹಣ ಕಮ್ಮಿ ಸಿಗುವ ರಾಜ್ಯಗಳಿಗೆಂದೇ ಫೌಂಡೇಶನ್ ಮಾಡಿದ ಯೋಜನೆ. 1980ರ ಮೊದಲ ಐದು ರಾಜ್ಯಗಳು: ಅರ್ಕಾನ್ಸಾ, ಮೇನ್, ಮೊಂಟಾನಾ, ಸೌತ್ ಕ್ಯಾರೊಲಿನಾ, ಮತ್ತೆ ಕಿಲ್ಗೋರ್ ಅವರ ವೆಸ್ಟ್ ವರ್ಜೀನಿಯಾ.

ದುಡ್ಡು ಹೋಗುವ ದಾರಿ ಸ್ವಾರಸ್ಯವಾಗಿದೆ. ದೊಡ್ಡ ಅನುದಾನಗಳು ಒಬ್ಬ ಪ್ರೊಫೆಸರ್ ಕೈಗೆ ಹೋಗುತ್ತಿರಲಿಲ್ಲ. ತನಗೆ ಹೊಂದುವ ವಿಷಯ ಯಾವುದು ಎಂದು ರಾಜ್ಯವೇ ಒಂದು ಸಮಿತಿ ಮಾಡಿ ಆರಿಸಬೇಕಿತ್ತು, ತನ್ನ ಜೇಬಿನಿಂದಲೂ ಒಂದು ಪಾಲು ಹಾಕಬೇಕಿತ್ತು. ಆ ಹಣದಲ್ಲಿ ಉಪಕರಣ ಕೊಳ್ಳಬಹುದಿತ್ತು, ಹೊಸ ಅಧ್ಯಾಪಕರನ್ನು ಕರೆತರಬಹುದಿತ್ತು. ಇನ್ನೊಂದು ದಾರಿಯೂ ಇದೆ. ಮಾಮೂಲಿ ಸ್ಪರ್ಧೆಯಲ್ಲಿ ಒಳ್ಳೆಯ ಅಂಕ ಬಂದು, ಹಣ ಸಾಲದೆ ಅಂಚಿನಲ್ಲಿ ನಿಂತ ಪ್ರಸ್ತಾವಕ್ಕೆ ಎಪ್‌ಸ್ಕಾರ್ ತನ್ನ ಪಾಲು ಸೇರಿಸಿ ದಾಟಿಸುತ್ತದೆ. ನನಗೆ ಇಷ್ಟವಾಗುವುದು ಇದೇ. ಅಂಕದಲ್ಲಿ ರಿಯಾಯಿತಿ ಕೊಟ್ಟ ಹಾಗೂ ಆಗಲಿಲ್ಲ, ಕೆಲಸವೂ ನಿಲ್ಲಲಿಲ್ಲ.

ಇದರಿಂದ ಏನಾಯಿತು? ವೆಸ್ಟ್ ವರ್ಜೀನಿಯಾದಲ್ಲೇ ನೋಡಿ. ಅಲ್ಲಿನ ಗ್ರೀನ್ ಬ್ಯಾಂಕ್‌ನಲ್ಲಿ 100 ಮೀಟರ್ ಅಗಲದ ದೈತ್ಯ ರೇಡಿಯೊ ದೂರದರ್ಶಕವಿದೆ. ಆದರೆ ರಾಜ್ಯದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಹೇಳಿಕೊಳ್ಳುವಂಥ ಖಗೋಳ ವಿಜ್ಞಾನದ ತಂಡವೇ ಇರಲಿಲ್ಲ. 2006ರಲ್ಲಿ ಡಂಕನ್ ಲೋರಿಮರ್ ಮತ್ತು ಮೌರಾ ಮೆಕ್‌ಲಾಫ್ಲಿನ್ ಅಲ್ಲಿಗೆ ಸೇರಿದರು. ಮರುವರ್ಷವೇ ಅವರ ತಂಡ ಜಗತ್ತಿಗೆ ಹೊಸದೊಂದನ್ನು ತೋರಿಸಿತು. 2001ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕ ದಾಖಲಿಸಿಟ್ಟ ಮಾಹಿತಿಯನ್ನು ಡೇವಿಡ್ ನಾರ್ಕೆವಿಕ್ ಎಂಬ ಪದವಿ ವಿದ್ಯಾರ್ಥಿ ಜಾಲಾಡುತ್ತಿದ್ದಾಗ, 5 ಮಿಲಿಸೆಕೆಂಡಿಗೂ ಕಮ್ಮಿ ಹೊತ್ತು ಮಿಂಚಿ ಮಾಯವಾದ ಬಲವಾದ ರೇಡಿಯೊ ಸಂಕೇತ ಸಿಕ್ಕಿತು. ಇಂದು ಖಗೋಳ ವಿಜ್ಞಾನದ ದೊಡ್ಡ ಒಗಟುಗಳಲ್ಲಿ ಒಂದಾಗಿರುವ ವೇಗದ ರೇಡಿಯೊ ಸ್ಫೋಟಗಳ ಕಥೆ ಶುರುವಾದದ್ದು ಅಲ್ಲಿಂದ. ಆ ಸಂಶೋಧನೆಗೇ ಎಪ್‌ಸ್ಕಾರ್ ಕಾರಣ ಎಂದರೆ ಅತಿಯಾದೀತು. ತಂಡ ಅಲ್ಲಿ ನೆಲೆಯೂರಲು ರಾಜ್ಯದ ಎಪ್‌ಸ್ಕಾರ್ ಅನುದಾನ ನೆರವಾಯಿತು ಎನ್ನುವುದಂತೂ ನಿಜ.

ಅಂದ ಹಾಗೆ, ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆಯ ಮೋಸ ಹೊರಬರಲು ಕಾರಣವಾದ ರಸ್ತೆ ಪರೀಕ್ಷೆ ನಡೆಸಿದ್ದೂ ಇದೇ ವಿಶ್ವವಿದ್ಯಾಲಯ. ಆ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಇದ್ದರು. ಅದು ಎಪ್‌ಸ್ಕಾರ್ ದುಡ್ಡಲ್ಲ. ಆದರೆ ಹೊಗೆ ಅಳೆಯುವ ಲ್ಯಾಬ್ ಅಲ್ಲಿ ವರ್ಷಗಟ್ಟಲೆ ಬೆಳೆದು ನಿಂತಿತ್ತು. ಅದಿಲ್ಲದಿದ್ದರೆ ಆ ಪರೀಕ್ಷೆ ಅಲ್ಲಿ ಆಗುತ್ತಲೇ ಇರಲಿಲ್ಲ.

ಯೋಜನೆಯ ಅಳತೆಗೋಲು ಮಾತ್ರ ವಿಚಿತ್ರ. ಫೌಂಡೇಶನ್‌ನ ಒಟ್ಟು ಸಂಶೋಧನಾ ಹಣದಲ್ಲಿ ಒಂದು ರಾಜ್ಯದ ಪಾಲು 0.75%ಕ್ಕಿಂತ ಕಮ್ಮಿ ಇದ್ದರೆ ಅದು ಅರ್ಹ. ಈಗ ವಯೋಮಿಂಗ್ ಲೆಕ್ಕ ಹಾಕಿ. 2020ರ ಜನಗಣತಿಯಂತೆ ಅಲ್ಲಿ ಸುಮಾರು 5.77 ಲಕ್ಷ ಜನ, ಅಂದರೆ ದೇಶದ 0.17%. ತಲಾವಾರು ದೇಶದ ಸರಾಸರಿಯ ನಾಲ್ಕು ಪಟ್ಟು ಹಣ ಗೆದ್ದರೂ ಅದು 'ಹಿಂದುಳಿದ' ಪಟ್ಟಿಯಿಂದ ಹೊರಬರುವುದಿಲ್ಲ! ಮೊದಲ ಐದೂ ರಾಜ್ಯಗಳು ನಾಲ್ಕು ದಶಕದ ಮೇಲೂ ಪಟ್ಟಿಯಲ್ಲೇ ಇವೆ. ಹಾಗಂತ ಯೋಜನೆ ಸೋತಿತು ಎನ್ನುವುದು ಅವಸರದ ಮಾತು. ಪಾಲನ್ನು ಅಳೆದರೆ ಬೆಳವಣಿಗೆ ಕಾಣಿಸುವುದಿಲ್ಲ, ಯಾಕೆಂದರೆ ಮುಂದಿರುವವರೂ ಓಡುತ್ತಲೇ ಇರುತ್ತಾರೆ. ಈ ನಡುವೆ, ಫೌಂಡೇಶನ್‌ನ ಸಂಶೋಧನಾ ಹಣದಲ್ಲಿ ಎಪ್‌ಸ್ಕಾರ್ ಪ್ರದೇಶಗಳಿಗೆ 2029ರ ಹೊತ್ತಿಗೆ 20% ಹೋಗಬೇಕು ಎಂದು 2022ರ ಚಿಪ್ಸ್ ಮತ್ತು ವಿಜ್ಞಾನ ಕಾಯ್ದೆ ಹೇಳಿತು. ಒಟ್ಟು ಹಣ ಬೆಳೆಯದಿದ್ದರೆ ಈ ಏರಿಕೆ ಉಳಿದ ರಾಜ್ಯಗಳ ಪಾಲಿನಿಂದಲೇ ಬರಬೇಕು. ದೊಡ್ಡ ವಿಶ್ವವಿದ್ಯಾಲಯಗಳ ಆತಂಕ ಸುಮ್ನೆ ಅಲ್ಲ.

ಇನ್ನೂ ಒಂದು ತೊಡಕಿದೆ. ಲೆಕ್ಕ ರಾಜ್ಯಕ್ಕೆ, ಸಂಸ್ಥೆಗಲ್ಲ. ರೋಡ್ ಐಲ್ಯಾಂಡ್ ಪಟ್ಟಿಯಲ್ಲಿರುವುದರಿಂದ ಅಲ್ಲಿನ ಶ್ರೀಮಂತ ಬ್ರೌನ್ ವಿಶ್ವವಿದ್ಯಾಲಯಕ್ಕೂ ಬಾಗಿಲು ತೆರೆದಿದೆ. ಕ್ಯಾಲಿಫೋರ್ನಿಯಾದ ಸಣ್ಣ ಸರ್ಕಾರಿ ಕಾಲೇಜಿಗೆ ಇಲ್ಲ. ಅದೇ ಅಳತೆಯನ್ನು ನಮ್ಮಲ್ಲಿಗೆ ತಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೆಸೆಯಿಂದ ಕರ್ನಾಟಕ ಮುಂದಿರುವ ರಾಜ್ಯವಾಗಿಬಿಡುತ್ತದೆ, ಕಲಬುರಗಿ ಲೆಕ್ಕಕ್ಕೇ ಸಿಗುವುದಿಲ್ಲ. ಭಾರತದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ತನ್ನ 'ಪೇರ್' ಯೋಜನೆಯಲ್ಲಿ ಬೇರೆ ದಾರಿ ಹಿಡಿದಿದೆ. ಮುಂದಿರುವ ಒಂದು ಸಂಸ್ಥೆಗೆ ಸಂಶೋಧನೆ ಇನ್ನೂ ಬೆಳೆಯಬೇಕಿರುವ ಕೆಲವು ವಿಶ್ವವಿದ್ಯಾಲಯಗಳನ್ನು ಜೋಡಿಸುತ್ತದೆ. ಅಲ್ಲಿ ನೋಡಬೇಕಾದದ್ದು, ಉಪಕರಣ ಕೊನೆಗೆ ಯಾರ ಕಟ್ಟಡದಲ್ಲಿ ಕೂರುತ್ತದೆ ಅನ್ನುವುದನ್ನು.