ಚಳಿಗಾಲವಿಡೀ ನಿಂತಿದ್ದ ಹುಲ್ಲು ಕತ್ತರಿಸುವ ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕೂತು ಓಡಿಸುವ ಹಳೇ ಲಾನ್ ಮೂವರ್. ಚಳಿಗಾಲ ಪೂರ್ತಿ ಶೆಡ್‌ನಲ್ಲೇ ನಿಂತಿತ್ತು. ಈಗ ಹುಲ್ಲು ಚಿಗುರಿದೆ, ಗಾಡಿ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ಹೊಸ ಕಾರ್ಬುರೇಟರ್ ಹಾಕಿಸಬೇಕಾ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ಕೀ ತಿರುಗಿಸಿ, ಕಿವಿಗೊಟ್ಟು ಕೇಳಿ. ತೊಂದರೆ ಎಲ್ಲಿದೆ ಅನ್ನುವುದು ಆ ಸದ್ದಿನಲ್ಲೇ ಅರ್ಧ ಗೊತ್ತಾಗುತ್ತದೆ. ಅದಕ್ಕೂ ಮುಂಚೆ ಗಾಡಿಯನ್ನು ಶೆಡ್‌ನಿಂದ ಹೊರಗೆ ತಳ್ಳಿಕೊಂಡು ಬನ್ನಿ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ.

ಆಯಿಲ್ ಕಡ್ಡಿಯನ್ನೂ ಒಮ್ಮೆ ಎಳೆದು ನೋಡಿ. ಆಯಿಲ್ ಮಟ್ಟ ಮೇಲಕ್ಕೆ ಬಂದು ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಭಾಗ) ಸೋರಿ ಪೆಟ್ರೋಲ್ ಎಂಜಿನ್ ಒಳಗೆ ಇಳಿದಿದೆ ಎಂದರ್ಥ. ಹಾಗಿದ್ದರೆ ಸೋರಿಕೆ ಸರಿಮಾಡಿ ಆಯಿಲ್ ಬದಲಿಸುವ ತನಕ ಕೀ ಮುಟ್ಟಬೇಡಿ.

ಕೀ ತಿರುಗಿಸಿದರೆ ಸದ್ದೇ ಇಲ್ವಾ? ಬ್ರೇಕ್ ಪೆಡಲ್ ಪೂರ್ತಿ ಒತ್ತಿದ್ದೀರಾ, ಬ್ಲೇಡ್ ಆಫ್ ಇದೆಯಾ ನೋಡಿ. ಕೆಲವು ಗಾಡಿಗಳಲ್ಲಿ ಸೀಟಿನ ಮೇಲೆ ಕೂತಿರಲೇಬೇಕು. ಇವೆಲ್ಲಕ್ಕೂ ಒಂದೊಂದು ಸುರಕ್ಷತಾ ಸ್ವಿಚ್ ಇರುತ್ತದೆ. ಅದರಲ್ಲಿ ಒಂದು ಕೈಕೊಟ್ಟರೂ ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ತಿರುಗುವುದಿಲ್ಲ. ಸ್ವಿಚ್ ಕೆಟ್ಟಿದ್ದರೆ ಬದಲಿಸಿ. ವೈರ್ ಕೂಡಿಸಿ ಅದನ್ನು ತಪ್ಪಿಸುವ ಉಪಾಯ ಯಾರೇ ಹೇಳಿದರೂ ಕೇಳಬೇಡಿ. ನೀವು ಸೀಟಿನಿಂದ ಬಿದ್ದರೆ ಬ್ಲೇಡ್ ನಿಲ್ಲಿಸುವುದು ಅದೇ ಸ್ವಿಚ್.

ಬರೀ ಟಕ್ ಟಕ್ ಅಂದರೆ ಬ್ಯಾಟರಿ ಡೌನ್ ಆಗಿರುವ ಸಾಧ್ಯತೆ ಜಾಸ್ತಿ. 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮೀಟರ್ ಸುಮಾರು 12.6 ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಖಾಲಿ ಅಂತಲೇ ಲೆಕ್ಕ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೊದಲು ನೆಗೆಟಿವ್ ವೈರ್ ಬಿಚ್ಚಿ, ಆಮೇಲೆ ಪಾಸಿಟಿವ್. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬ್ರಷ್ ಹಾಕಿ ಉಜ್ಜಿ, ಒಣಗಿಸಿ, ಬಿಗಿಯಾಗಿ ಕೂರಿಸಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಚಾರ್ಜ್ ಮಾಡಿದ ಮರುದಿನವೇ ಮತ್ತೆ ಇಳಿದುಹೋದರೆ ಆ ಬ್ಯಾಟರಿಯ ಆಸೆ ಬಿಟ್ಟುಬಿಡಿ.

ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಎಂಜಿನ್ ಮಾತ್ರ ಹತ್ತಿಕೊಳ್ಳುತ್ತಿಲ್ಲ ಅಂದರೆ ನನ್ನ ಅನುಮಾನ ಹಳೇ ಪೆಟ್ರೋಲ್ ಮೇಲೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಬೇಗ ಹತ್ತಿಕೊಳ್ಳುವ ಅಂಶ ಆವಿಯಾಗಿ ಹೋಗಿರುತ್ತದೆ. ಉಳಿದದ್ದು ಕಾರ್ಬುರೇಟರಿನಲ್ಲಿ ಕಂದು ಅಂಟಾಗಿ ಕೂರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಆದರೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಬೇರೆಯಾಗಿ ತಳಕ್ಕಿಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪ್ ಇರುವುದೂ ತಳದಲ್ಲೇ ಅಲ್ವಾ? ಹಾಗಾಗಿ ಮೇಲಿಂದ ಹೊಸ ಪೆಟ್ರೋಲ್ ಸುರಿದರೆ ಸಾಲದು. ಹಳೆಯದನ್ನು ಪೂರ್ತಿ ತೆಗೆದು, ಫ್ಯೂಯಲ್ ಫಿಲ್ಟರ್ ಬದಲಿಸಿ. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ. ರಬ್ಬರ್ ಪೈಪ್ ಬಗ್ಗಿಸಿದಾಗ ಬಿರುಕು ಕಂಡರೆ ಅದನ್ನೂ ಬದಲಿಸಿ.

ಆಮೇಲೂ ಹತ್ತಿಕೊಳ್ಳದಿದ್ದರೆ ಕಾರ್ಬುರೇಟರಿನ ಕೆಳಗಿನ ಬಟ್ಟಲು ಬಿಚ್ಚಿ. ಸಾಮಾನ್ಯವಾಗಿ ತಳದಲ್ಲಿ ಒಂದೇ ಬೋಲ್ಟ್ ಇರುತ್ತದೆ. ಬೋಲ್ಟ್ ಜಾಗದಲ್ಲಿ ವೈರ್ ಇರುವ ಸೊಲೆನಾಯ್ಡ್ (ಕರೆಂಟ್ ಬಂದಾಗ ಪೆಟ್ರೋಲಿನ ದಾರಿ ತೆರೆಯುವ ಭಾಗ) ಇದ್ದರೆ, ಬಿಚ್ಚುವ ಮುಂಚೆ ಕೀ ಆನ್ ಮಾಡಿದಾಗ ಅದು ಟಿಕ್ ಅನ್ನುತ್ತಾ ಕೇಳಿಸಿಕೊಳ್ಳಿ. ಅನ್ನದಿದ್ದರೆ ಪೆಟ್ರೋಲಿನ ದಾರಿ ತೆರೆಯುತ್ತಲೇ ಇಲ್ಲ. ಬಟ್ಟಲಿನ ತಳದಲ್ಲಿ ಕೆಸರು, ತುಕ್ಕು, ನೀರಿನ ಗುಳ್ಳೆ ಕಾಣಬಹುದು, ಒರೆಸಿಬಿಡಿ. ಮುಖ್ಯವಾದದ್ದು ಜೆಟ್. ಹಿತ್ತಾಳೆಯ ಸಣ್ಣ ತುಂಡು, ನಡುವೆ ಕೂದಲೆಳೆಯಷ್ಟು ತೂತು. ಬೆಳಕಿಗೆ ಹಿಡಿದು ನೋಡಿ. ಆಚೆ ಕಡೆಯ ಬೆಳಕು ದುಂಡಗೆ ಕಾಣಬೇಕು. ಕಾಣದಿದ್ದರೆ ಕಾರ್ಬುರೇಟರ್ ಕ್ಲೀನರ್ ಹೊಡೆದು, ತಾಮ್ರದ ವೈರಿನ ಒಂದು ಎಳೆಯನ್ನು ನಿಧಾನಕ್ಕೆ ತೂರಿಸಿ. ಸೂಜಿ, ಡ್ರಿಲ್ ಬೇಡವೇ ಬೇಡ. ತೂತು ಒಂಚೂರು ದೊಡ್ಡದಾದರೂ ಪೆಟ್ರೋಲ್ ಅಳತೆ ತಪ್ಪಿಹೋಗುತ್ತದೆ. ಇಷ್ಟು ಮಾಡಿದರೆ ಎಷ್ಟೋ ಗಾಡಿಗಳಿಗೆ ಹೊಸ ಕಾರ್ಬುರೇಟರ್ ಬೇಕಾಗುವುದೇ ಇಲ್ಲ.

ಸ್ಪಾರ್ಕ್ ಪ್ಲಗ್ (ಎಂಜಿನ್ ಒಳಗೆ ಕಿಡಿ ಹಾರಿಸುವ ಭಾಗ) ಬಿಚ್ಚಿ ನೋಡುವುದನ್ನೂ ಮರೆಯಬೇಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಪರೀಕ್ಷಿಸಿ.

ಎಂಜಿನ್ ಮೇಲಿನ ಮುಚ್ಚಳವನ್ನೂ ಒಮ್ಮೆ ತೆಗೆಯಿರಿ. ಚಳಿಗಾಲದಲ್ಲಿ ಇಲಿಗಳಿಗೆ ಅದು ಬೆಚ್ಚಗಿನ ಮನೆ. ಗೂಡಿನ ಒಣಹುಲ್ಲು ಗಾಳಿಯ ದಾರಿ ಮುಚ್ಚಿದರೆ ಎಂಜಿನ್ ಕಾದು ಕೆಡುತ್ತದೆ. ಕಡಿದ ವೈರ್ ಸಿಗುವುದೂ ಅಲ್ಲೇ.

ಗಾಡಿ ಸ್ಟಾರ್ಟ್ ಆಯಿತಾ? ಐದು ನಿಮಿಷ ಓಡಲಿ. ಆಫ್ ಮಾಡಿ, ಆಯಿಲ್ ಬೆಚ್ಚಗಿರುವಾಗಲೇ ಬದಲಿಸಿ. ಬೆಚ್ಚಗಿದ್ದರೆ ಕೊಳೆಯೂ ಜೊತೆಗೆ ಇಳಿಯುತ್ತದೆ. ಯಾವ ಗ್ರೇಡ್ ಅಂತ ಗಾಡಿಯ ಪುಸ್ತಕದಲ್ಲಿರುತ್ತದೆ. ಏರ್ ಫಿಲ್ಟರ್, ಟೈರಿನ ಗಾಳಿಯನ್ನೂ ನೋಡಿಕೊಳ್ಳಿ.

ಕೊನೆಗೆ ಬ್ಲೇಡ್. ಕೈ ಹಾಕುವ ಮುಂಚೆ ಪ್ಲಗ್ ವೈರ್ ಕಿತ್ತಿಡಿ. ಎರಡು ಪ್ಲಗ್ ಇದ್ದರೆ ಎರಡೂ. ಸಾಣೆ ಹಿಡಿದ ಮೇಲೆ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನೊಂದಿಷ್ಟು ಉಜ್ಜಿ, ಮಟ್ಟಸವಾಗಿ ನಿಂತ ಮೇಲಷ್ಟೇ ವಾಪಸ್ ಹಾಕಿ.