ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಹೊತ್ತು?

ಪ್ರಶ್ನೆ: ಮಗಳ ಬಾಣಂತನಕ್ಕೆ ಹೊರಟಿದ್ದೇವೆ. ಎಷ್ಟು ದೂರ, ಎಷ್ಟು ಗಂಟೆ? ಭೂಮಿ ತಿರುಗುವುದರಿಂದ ಒಂದು ಕಡೆಯ ಪ್ರಯಾಣ ಬೇಗ ಮುಗಿಯುತ್ತದಂತೆ, ನಿಜವೇ?

ಉತ್ತರ: ದೂರ ಸುಮಾರು 14,000 ಕಿ.ಮೀ. ಎಲ್ಲೂ ಇಳಿಯದೆ ಹಾರಿದರೆ ಹೋಗುವಾಗ 16 ಗಂಟೆಯ ಆಸುಪಾಸು, ಬರುವಾಗ 17ರಿಂದ 18. ನಡುವೆ ವಿಮಾನ ಬದಲಿಸಿದರೆ 20 ಗಂಟೆ ದಾಟುತ್ತದೆ.

ಇನ್ನು ಆ ಭೂಮಿ ತಿರುಗುವ ಮಾತು. ಎಷ್ಟು ಸಲ ಹೇಳಿದರೂ ಇದು ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ. ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಅದರ ಮೇಲಿನ ಗಾಳಿಯೂ ಜೊತೆಗೇ ಸಾಗುತ್ತಿದೆ. ಹಾಗಿಲ್ಲದಿದ್ದರೆ ನಂದಿ ಬೆಟ್ಟದ ಮೇಲೆ ಹಗಲಿರುಳೂ ಗಂಟೆಗೆ 1,600 ಕಿ.ಮೀ. ವೇಗದ ಪೂರ್ವದ ಗಾಳಿ ಬೀಸಬೇಕಿತ್ತು, ಒಂದು ಮರವೂ ಉಳಿಯುತ್ತಿರಲಿಲ್ಲ. ಜಕ್ಕೂರಿನ ಮೇಲೆ ಹೆಲಿಕಾಪ್ಟರ್ ಒಂದು ಗಂಟೆ ನಿಂತಲ್ಲೇ ನಿಂತರೆ ಅದರ ಕೆಳಗೆ ಅರಬ್ಬೀ ಸಮುದ್ರ ಬರಬೇಕಿತ್ತು. ಬರುವುದು ಜಕ್ಕೂರೇ. ಓಡುವ ಮೈಸೂರು ರೈಲಿನಲ್ಲಿ ಕಿತ್ತಳೆಹಣ್ಣನ್ನು ಮೇಲಕ್ಕೆ ಎಸೆಯಿರಿ, ಹಿಂದಿನ ಸೀಟಿನವರ ತಲೆಗೆ ಬೀಳದೆ ನಿಮ್ಮ ಕೈಗೇ ಬರುತ್ತದೆ. ವಿಮಾನವೂ ಹಾಗೆಯೇ, ನೆಲದಲ್ಲಿದ್ದಾಗಲೇ ಆ ವೇಗ ಅದಕ್ಕೆ ಬಂದಿರುತ್ತದೆ.

ಹಾಗಾದರೆ ಹೋಗುವಾಗ ಸಮಯ ಉಳಿಯುವುದು ಹೇಗೆ? ಗಾಳಿಯಿಂದ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಇದೆ, ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ಅಬ್ಬರ ಹೆಚ್ಚು. 2016ರಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲಿಂದ ಹಾರಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಯಿತು, ಆದರೂ 15,300 ಕಿ.ಮೀ. ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ದೂರ ಹೆಚ್ಚಿದ್ದೂ ಹೊತ್ತು ಕಡಿಮೆಯಾದದ್ದು ಬೆನ್ನಿಗೆ ಬಿದ್ದ ಗಾಳಿಯಿಂದ. ವಾಪಸ್ ಅದೇ ದಾರಿಯಲ್ಲಿ ಬಂದರೆ ಆ ಗಾಳಿಯೇ ಎದುರಾಗುತ್ತದೆ.

ಗೋಡೆಯ ನಕ್ಷೆ ಬಿಟ್ಟು ಗ್ಲೋಬಿನ ಮೇಲೆ ಈ ಎರಡು ಊರುಗಳ ನಡುವೆ ದಾರ ಎಳೆದು ನೋಡಿ, ಅದು ಉತ್ತರ ಧ್ರುವದ ಬಳಿ ಹಾಯುತ್ತದೆ. 2021ರ ಜನವರಿಯಲ್ಲಿ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ತಂಡ ಬೆಂಗಳೂರಿಗೆ ತಂದದ್ದು ಆ ಧ್ರುವದ ಮೇಲಿಂದಲೇ. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಹೆಣ್ಣುಮಕ್ಕಳು. ನೆನೆದಾಗಲೆಲ್ಲ ನನಗೆ ಹೆಮ್ಮೆ.

ನೀವು ಕೇಳಲಿಲ್ಲ, ಆದರೆ ತಾರೀಖಿನ ವಿಷಯ ಹೇಳಲೇಬೇಕು. ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ. ಬರುವಾಗ ಇದು ತಿರುವುಮುರುವು: ನಾಲ್ಕನೇ ತಾರೀಖು ರಾತ್ರಿ ಎಂಟೂವರೆಗೆ ಹತ್ತಿದರೆ ಇಳಿಯುವುದು ಆರನೇ ತಾರೀಖು ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ. ಕರೆದುಕೊಂಡು ಹೋಗಲು ಬರುವವರಿಗೆ ಇಳಿಯುವ ತಾರೀಖನ್ನೇ ಹೇಳಿ. ಇಲ್ಲವಾದರೆ ಅವರು ಐದನೇ ತಾರೀಖೇ ದೇವನಹಳ್ಳಿಗೆ ಬಂದು ಕಾದು ನಿಂತಿರುತ್ತಾರೆ.